ಕರಿಹೂವು ಯಾರ ಮೈಗೆ ಒಗ್ಗಿತು

ಜನವರಿ ೯

ಅಕ್ಕಾ,

ಪಾರ್ಸೆಲ್ ಬಿಚ್ಚುವ ಮೊದಲು ಇದನ್ನು ಓದು. ನಿನ್ನ ದೊಡ್ಡ ಕತ್ತರಿ ತಂದು ಪರಪರನೆ ಕೊಯ್ದುಬಿಡಬೇಡ, ಒಳಗೆ ಗಾಜಿನ ಸೀಸೆ ಇದೆ. ನಮ್ಮ ಸೆಂಟಿನ ಕಾರ್ಖಾನೆಯಿಂದ ಈ ವರ್ಷ ಹೊರಬೀಳುತ್ತಿರುವ ಹೊಸ ಸೆಂಟು. ಹೆಸರು ಕರಿಹೂವು. ಬೆರೆಸಿದವರು ಯಾರು, ಹೇಳು ನೋಡೋಣ? ನಿನ್ನ ತಂಗಿ! ನಂಬಿಕೆ ಬರುವುದಿಲ್ಲ ಅಲ್ಲವಾ? ನನಗೂ ಬರುವುದಿಲ್ಲ.

ಮೇಲೆ ಸುಗಂಧರಾಜ, ಅದರ ಕೆಳಗೆ ಲೋಬಾನ, ಇನ್ನೂ ಕೆಳಗೆ ಮರದ ರಾಳ ಮತ್ತು ಎಲ್ಲೋ ದೂರದ ಹೊಗೆ. ಹಗಲಿನಲ್ಲಿ ಮೂಸಿದರೂ ಕತ್ತಲಲ್ಲಿ ಅರಳಿದ ಹೂವು ಅನ್ನಿಸಬೇಕು. ಆದರೆ ಇಂಥ ಗಾಢ ಸೆಂಟು ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಬರುತ್ತದೆ. ನಿನ್ನ ಹೊಲಿಗೆ ಅಂಗಡಿಯಲ್ಲಿ ಇರುವವರಿಗೆಲ್ಲ ಒಂದೊಂದು ತೊಟ್ಟು ಹಚ್ಚಿ, ಯಾರ ಮೇಲೆ ಹೇಗೆ ಬಂತು ಬರೆ. ನಿನ್ನ ಮೇಲೆ ಹೇಗೆ ಬಂತು ಅನ್ನುವುದನ್ನು ಮೊದಲು ಬರೆ.

ನಿನ್ನ
ಪುಟ್ಟಿ


ಜನವರಿ ೨೮

ಪುಟ್ಟೀ,

ಸೀಸೆ ಒಡೆಯದೆ ಬಂತು. ಆದರೆ ಲೇಬಲ್ ಸೊಟ್ಟಗಿದೆ ಕಣೇ. ಕಾಲರ್ ಇಷ್ಟು ಸೊಟ್ಟಗೆ ಕೂತರೆ ನಾನು ನಿಂತ ಕಾಲಲ್ಲೇ ಬಿಚ್ಚಿಸುತ್ತೇನೆ. ಅಂಟಿಸಿದ ಮಹಾರಾಯಿತಿ ಯಾರೋ, ನನ್ನ ಪರವಾಗಿ ನಾಲ್ಕು ಮಾತು ಬೈದುಬಿಡು.

ಸೀಸೆಯನ್ನು ಇಸ್ತ್ರಿ ಮೇಜಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ, ಬಂದವರ ಕಣ್ಣಿಗೆ ಮೊದಲು ಅದೇ ಬೀಳಲಿ ಅಂತ. ಅಳತೆ ಕೊಡಲು ಬಂದವರಿಗೆಲ್ಲ "ನನ್ನ ತಂಗಿ ಬೆರೆಸಿದ್ದು" ಎಂದು ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಗಿದೆ.

ಪರೀಕ್ಷೆ ಆಯಿತು. ಇಸ್ತ್ರಿ ಮಾವನ ಮೇಲೆ ಹೊಸದಾಗಿ ಪಾಲಿಶ್ ಹಾಕಿದ ಮೇಜಿನ ವಾಸನೆ. "ಇದೇನವ್ವಾ, ನನ್ನನ್ನ ಮರದ ಸಾಮಾನಿನ ಅಂಗಡಿಗೆ ಮಾರೋ ಹಂಗೆ ಮಾಡ್ಬಿಟ್ಟೆ" ಎಂದು ದಿನವಿಡೀ ರೇಗಿದ. ಬಟ್ಟೆ ಕತ್ತರಿಸುವವಳು ಗೊತ್ತಲ್ಲ, ನಾಲಿಗೆಯೂ ಹಾಗೇ ಇದೆ ಅಂತ ನಾವೆಲ್ಲ ಕತ್ತರಿ ಎಂದೇ ಕರೆಯುತ್ತೇವೆ. ಅವಳ ಮೇಲೆ ಮೊದಲು ಹೂವಿನಂಗಡಿ ಬಾಗಿಲು ತೆಗೆದ ಹಾಗೆ ಬಂತು, ಟೀ ಕುಡಿದು ಬರುವಷ್ಟರಲ್ಲಿ ಸೀದ ಸಕ್ಕರೆ ಆಗಿಹೋಯಿತು. ಕಾಜಾದವಳು ಮಾತ್ರ ಹಚ್ಚಿಕೊಳ್ಳಲಿಲ್ಲ. ಬರೀ ಗುಂಡಿಯ ಕಾಜಾ ಹೊಲಿಯಲು ಬಂದವಳು, ಈಗ ಕೋಟುಗಳ ಕೈಹೊಲಿಗೆಯೆಲ್ಲ ಅವಳದೇ. "ಬೇಡಕ್ಕಾ, ಕೈಯಲ್ಲಿ ಬಿಳಿ ಬಟ್ಟೆ ಇದೆ" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ಅದಕ್ಕೂ ಒಂದು ಬಿಗುಮಾನ.

ನನ್ನ ಮೇಲೋ? ಸುಳ್ಳು ಯಾಕೆ ಹೇಳಲಿ, ಔಷಧಿ ಅಂಗಡಿ. ನನ್ನ ಚರ್ಮವೇ ಅಂಥದ್ದು ಬಿಡು. ಅದಕ್ಕೆ ಮೈಗೆ ಹಚ್ಚದೆ ನನ್ನ ಉಣ್ಣೆಯ ಕೋಟಿನ ಕಾಲರಿಗೂ ಒಳಬಟ್ಟೆಗೂ ಧಾರಾಳವಾಗಿ ಸವರಿಕೊಂಡಿದ್ದೇನೆ. ಅಲ್ಲಿ ಚೆನ್ನಾಗಿದೆ. ಆ ಕೋಟಿನ ಒಳಬಟ್ಟೆ ಕಂಕುಳಿನಿಂದ ಸೊಂಟದವರೆಗೆ ಹರಿದು ಎರಡು ವರ್ಷವಾಯಿತು. ಊರವರ ಕೋಟೆಲ್ಲ ಹೊಲಿಯುತ್ತೇನೆ, ದೀಪದ ಬುಡದಲ್ಲಿ ಕತ್ತಲು.

ನಿನ್ನ
ಅಕ್ಕ


ಫೆಬ್ರವರಿ ೧೧

ಅಕ್ಕಾ,

ನಿನ್ನ ಪತ್ರ ಓದಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಇಸ್ತ್ರಿ ಮಾವನ ಮೇಜಿನ ಕಥೆಯನ್ನು ಇಲ್ಲಿ ಓದಿ ಹೇಳಿದೆ, ಕಾರ್ಖಾನೆಯ ಯಜಮಾನರೂ ಮೆಚ್ಚಿಕೊಂಡರು. ಲೇಬಲ್ ಅಂಟಿಸುವವಳಿಗೆ ನಿನ್ನ ಬೈಗುಳ ತಲುಪಿಸಿದ್ದೇನೆ. ಪಾಪ, ಸುಮ್ಮನೆ ಕೇಳಿಸಿಕೊಂಡಳು.

ನನ್ನ ಮೇಲೆ ಹೇಗೆ ಬರುತ್ತದೆ ಅಂತ ನೀನು ಕೇಳಲೇ ಇಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು, ಬೆರೆಸುವವರು ಕೆಲಸದ ದಿನ ಏನೂ ಹಚ್ಚಿಕೊಳ್ಳಬಾರದು. ಕೆಲಸ ತುಂಬಾ ಇದೆ, ಪತ್ರ ಚಿಕ್ಕದಾಯಿತು.

ಪುಟ್ಟಿ


ಮಾರ್ಚ್ ೨೦

ಪುಟ್ಟೀ,

ಒಂದು ವಿಷಯ ಮನಸ್ಸು ಕೊರೆಯುತ್ತಿದೆ. ನೀನು ಈ ಕಸುಬಿನವಳು, ನೀನೇ ಹೇಳಬೇಕು.

ಸೀಸೆಯಲ್ಲಿ ಕರಿಹೂವು ಕಡಿಮೆಯಾಗಿದೆ. ಲೇಬಲ್ಲಿನ ಮೇಲಂಚಿಗಿತ್ತು, ಈಗ ಕೆಳಗಂಚಿಗೆ ಇಳಿದಿದೆ. ಚಳಿ ಹೋದ ಮೇಲೆ ಕೋಟನ್ನು ಹಿಂದಿನ ಕೋಣೆಯ ಬಾಗಿಲಿಗೆ ನೇತುಹಾಕಿದ ನಾನು ಆಮೇಲೆ ಸೀಸೆಯನ್ನು ಮುಟ್ಟೇ ಇಲ್ಲ.

ನಿನ್ನೆ ಕಾಜಾದವಳು ಒಂದು ಕೋಟಿನ ಅಂಚು ತೋರಿಸಲು ನನ್ನ ಪಕ್ಕ ಬಗ್ಗಿದಳು. ಅವಳಿಂದ ಕರಿಹೂವು ಬಂತು. ಔಷಧಿಯೂ ಅಲ್ಲ, ಪಾಲಿಶ್ಶೂ ಅಲ್ಲ. ನೀನು ಬರೆದಿದ್ದೆಯಲ್ಲ, ಕತ್ತಲಲ್ಲಿ ಅರಳಿದ ಹೂವು, ದೂರದ ಹೊಗೆ, ಅದೇ. ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಕೈಯಲ್ಲಿದ್ದ ಅಳತೆ ಪಟ್ಟಿಯನ್ನು ಮರೆತು ಕೂತುಬಿಟ್ಟೆ.

"ಏನೇ, ಸೆಂಟು ಹಚ್ಚಿದ್ದೀಯಾ?" ಎಂದೆ. "ಇಲ್ಲಕ್ಕಾ, ನಾನೆಲ್ಲಿ" ಎಂದು ತಲೆ ತಗ್ಗಿಸಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಎಲ್ಲರ ಎದುರು ಕೊಟ್ಟಾಗ ಬೇಡ ಅಂದವಳು, ಯಾರೂ ಇಲ್ಲದಾಗ ಹಚ್ಚಿಕೊಳ್ಳುತ್ತಾಳಾ? ಮಧ್ಯಾಹ್ನ ನಾವೆಲ್ಲ ಊಟಕ್ಕೆ ಹೋದಾಗ ಅವಳೊಬ್ಬಳೇ ಉಳಿಯುತ್ತಾಳೆ.

ಸೆಂಟು ತಾನಾಗೇ ಕಡಿಮೆಯಾಗುತ್ತದೆಯೇ? ಹಚ್ಚಿಕೊಳ್ಳದವರ ಮೇಲೆ ಅದರ ವಾಸನೆ ಬರುತ್ತದೆಯೇ? ಬೇಗ ಬರೆ. ಇಲ್ಲದ ಪಾಪ ಕಟ್ಟಿಕೊಳ್ಳಲು ನನಗೆ ಇಷ್ಟವಿಲ್ಲ.

ಅಕ್ಕ


ಮಾರ್ಚ್ ೨೭

ಅಕ್ಕಾ,

ನೀನು ಕೇಳಿದ್ದಕ್ಕೆ ನೇರ ಉತ್ತರ. ಕರಿಹೂವಿನಲ್ಲಿ ಇರುವುದು ರಾಳ. ರಾಳ ಹಾರಿಹೋಗುವ ವಸ್ತುವಲ್ಲ, ಅಂಟಿಕೊಂಡು ಕೂರುವ ವಸ್ತು. ಮುಚ್ಚಿದ ಸೀಸೆಯಲ್ಲಿ ಅದು ತಾನಾಗಿ ಕಡಿಮೆಯಾಗುವ ಮಾತೇ ಇಲ್ಲ. ಯಾರೋ ಬಿರಡೆ ತೆಗೆದಿದ್ದಾರೆ.

ಇನ್ನು ವಾಸನೆ. ಈ ಸೆಂಟು ಇನ್ನೂ ಅಂಗಡಿಗಳಿಗೆ ಹೋಗಿಲ್ಲ. ನಿಮ್ಮ ಊರಿನಲ್ಲಿರುವುದು ಒಂದೇ ಸೀಸೆ, ಅದು ನಿನ್ನದು. ಒಬ್ಬಳ ಮೈಯಲ್ಲಿ ಕರಿಹೂವು ಬಂತು ಅಂದರೆ ಆ ಸೀಸೆಯಿಂದಲೇ ಬಂದದ್ದು. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಬೆರೆಸಿದವಳು ನಾನು, ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಜಾಸ್ತಿ ಸಲಿಗೆ ಕೊಟ್ಟರೆ ಹೀಗೇ ಆಗುವುದು. ನೀನು ಮೊದಲಿನಿಂದಲೂ ಮೆತ್ತಗೆ.

ಪುಟ್ಟಿ


ಏಪ್ರಿಲ್ ೬

ಪುಟ್ಟೀ,

ಆಯಿತು, ಕೇಳಿಯೇಬಿಟ್ಟೆ. ನಿನ್ನ ಪತ್ರ ಕೈಯಲ್ಲಿ ಹಿಡಿದೇ ಕೇಳಿದೆ.

ಬೆಳಗ್ಗೆ ಎಲ್ಲರೂ ಮಿಷನ್ನಿನ ಮುಂದೆ ಕೂತ ಮೇಲೆ ಕಾಜಾದವಳನ್ನು ಕರೆದೆ. "ಸೀಸೆ ಮುಟ್ಟಿದ್ದೀಯಾ?" "ಇಲ್ಲಕ್ಕಾ, ನಿಮ್ಮ ಸೀಸೆ ನಾನು ಮುಟ್ಟಿಲ್ಲ." "ಮತ್ತೆ ಈ ವಾಸನೆ ಏನು ಆಕಾಶದಿಂದ ಉದುರಿತಾ?" ಅಂದೆ. ಅವಳು ಒಂದು ಸಲ ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಕಂಡಿತು ನನಗೆ. ಅವಳ ಕೈ ಹಿಡಿದು ಇಸ್ತ್ರಿ ಮಾವನ ಮೂಗಿನ ಹತ್ತಿರ ತಂದೆ. "ಮೂಸಿ ನೋಡಿ" ಅಂದೆ. ಮಾವ ಮೂಸಿದ. "ಹೂಂ, ಅದೇ" ಅಂದ. ಕತ್ತರಿಗೂ ಮೂಸಿಸಿದೆ. ಅಳತೆ ಕೊಡಲು ಬಂದ ಒಬ್ಬ ಹೆಂಗಸೂ ಇದ್ದರು, ಅವರೂ ಎದ್ದು ಬಂದು ಮೂಸಿದರು.

ಅವಳು ಹೊಲಿಯುವಾಗ ಹಾಕುವ ಬೆರಳಿನ ಟೋಪಿ ತೆಗೆದು ಮೇಜಿನ ಮೇಲೆ ಇಟ್ಟಳು. ಕತ್ತರಿಯ ಕಡೆ ನೋಡಿ ಬೇಡ ಎನ್ನುವ ಹಾಗೆ ತಲೆಯಾಡಿಸಿ, ಚಪ್ಪಲಿ ಮೆಟ್ಟಿ ಹೊರಟುಹೋದಳು. ಅಳಲೂ ಇಲ್ಲ. ತಪ್ಪು ಮಾಡದವಳಾಗಿದ್ದರೆ ಕೂಗಾಡಬೇಕಿತ್ತಲ್ಲ, ನೀನೇ ಹೇಳು.

ನಾನು ಮಾಡಿದ್ದು ಸರಿಯೇ ಇದೆ. ಯಾಕೋ ಮಧ್ಯಾಹ್ನ ಊಟ ಸೇರಲಿಲ್ಲ.

ಅಕ್ಕ


ಏಪ್ರಿಲ್ ೧೪

ಅಕ್ಕಾ,

ಪತ್ರ ಬಂತು. ಅಷ್ಟು ಜನರ ಎದುರು ಮಾಡಬೇಕಿತ್ತಾ? ಇರಲಿ, ಆಗಿದ್ದು ಆಗಿಹೋಯಿತು.

ಒಂದು ಮಾತು. ಸೀಸೆ ಈಗಲೂ ಇಸ್ತ್ರಿ ಮೇಜಿನ ಮೇಲೇ ಇದೆಯೇ? ಅಲ್ಲಿ ಸೆಕೆ ಜಾಸ್ತಿಯೇ? ಉಳಿದಿರುವ ಸೆಂಟು ಮೊದಲಿಗಿಂತ ಕಪ್ಪಗೆ, ಅಂಟಂಟಾಗಿ ಕಾಣುತ್ತದೆಯೇ? ಸುಮ್ಮನೆ ಕೇಳಿದೆ.

ಇಲ್ಲಿ ಎಲ್ಲ ಸೌಖ್ಯ.

ಪುಟ್ಟಿ


ಮೇ ೧೯

ಪುಟ್ಟೀ,

ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಸೀಸೆ ಎಲ್ಲಿದ್ದರೆ ಏನು ಅಂತ ಬಿಟ್ಟಿದ್ದೆ. ಈಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಇವತ್ತು ಚಳಿಗಾಲದ ಬಟ್ಟೆಗಳನ್ನು ಪೆಟ್ಟಿಗೆಗೆ ಹಾಕೋಣ ಅಂತ ಹಿಂದಿನ ಕೋಣೆಯಿಂದ ನನ್ನ ಕೋಟು ತೆಗೆದೆ. ಒಳಬಟ್ಟೆ ಹೊಸದು ಪುಟ್ಟಿ. ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಅರ್ಧ. ಅಷ್ಟು ಸಣ್ಣ ಹೊಲಿಗೆ ನಮ್ಮ ಅಂಗಡಿಯಲ್ಲಿ ಹಾಕುವವಳು ಒಬ್ಬಳೇ. ಎಲ್ಲಿಗೆ ನಿಂತಿತ್ತೋ ಅಲ್ಲಿ ಸೂಜಿ ಹಾಗೇ ಚುಚ್ಚಿಕೊಂಡಿತ್ತು, ದಾರವೂ ಇತ್ತು. ಕೋಟಿಗೆ ಮೂಗಿಟ್ಟರೆ ಕರಿಹೂವು ಗಂ ಅಂತ ಹೊಡೆಯಿತು. ನಾನೇ ಜನವರಿಯಲ್ಲಿ ಸವರಿದ್ದು. ಇದನ್ನು ದಿನಾ ತೊಡೆಯ ಮೇಲೆ ಹರವಿಕೊಂಡು ಹೊಲಿದವಳ ಕೈಯಲ್ಲಿ, ತೋಳಿನಲ್ಲಿ, ಮಡಿಲಿನಲ್ಲಿ ಇನ್ಯಾವ ವಾಸನೆ ಬರಬೇಕು?

ಕತ್ತರಿಯನ್ನು ಕರೆದು ತೋರಿಸಿದೆ. ಅವಳಿಗೆ ಗೊತ್ತಿತ್ತು. "ಮಧ್ಯಾಹ್ನ ನೀವು ಊಟಕ್ಕೆ ಹೋದಾಗ ಹೊಲೀತಿದ್ಳಕ್ಕಾ. ಮುಗಿಯೋವರೆಗೂ ಹೇಳ್ಬೇಡ ಅಂದಿದ್ಳು" ಅಂದಳು.

"ಅವತ್ತು ಯಾಕೆ ಬಾಯಿ ಬಿಡಲಿಲ್ಲ ನೀನು?"

"ಅವಳು ಬೇಡ ಅಂತ ತಲೆ ಆಡಿಸಿದ್ಳು. ಅದೂ ಅಲ್ದೆ, ನೀವು ಎಲ್ಲಿ ಕೇಳಿದ್ರಿ? ಮೂಸಿ ಅಂದ್ರಿ, ಮೂಸಿದ್ವಿ."

ಅವಳ ನಾಲಿಗೆಗೆ ಯಾವತ್ತೂ ಎದುರು ಉತ್ತರ ಕೊಡುತ್ತಿದ್ದವಳು ನಾನು. ಇವತ್ತು ಕೋಟಿನ ಮೇಲೆ ಮುಖ ಇಟ್ಟುಕೊಂಡು ಅತ್ತೆ. ಯಾರೂ ಸಮಾಧಾನ ಮಾಡಲು ಬರಲಿಲ್ಲ.

ಆದರೆ ಸೀಸೆ? ಸೀಸೆಯಲ್ಲಿ ಕಡಿಮೆಯಾದದ್ದು ಹೇಗೆ? ತಾನಾಗಿ ಕಡಿಮೆಯಾಗುವುದಿಲ್ಲ ಅಂತ ನೀನು ಬರೆದಿದ್ದೆ. ಆ ಒಂದು ಮಾತು ಹಿಡಿದುಕೊಂಡು ಕೂತಿದ್ದೇನೆ. ನಿಜ ಹೇಳು.

ಅಕ್ಕ


ಮೇ ೨೬

ಅಕ್ಕಾ,

ನೀನು ಹಿಡಿದುಕೊಂಡ ಆ ಮಾತನ್ನೂ ಬಿಟ್ಟುಬಿಡು. ಅದೂ ಸುಳ್ಳು.

ನಾನು ಬೆರೆಸುವವಳಲ್ಲ. ಲೇಬಲ್ ಅಂಟಿಸುವವಳು. ಬಂದ ದಿನದಿಂದ ಇವತ್ತಿನವರೆಗೂ ಅದೇ ಕೆಲಸ. ಬೆರೆಸುವ ಕೋಣೆಯ ಒಳಗೆ ನನ್ನನ್ನು ಬಿಡುವುದೂ ಇಲ್ಲ. ನೀನು ಬೈದ ಮಹಾರಾಯಿತಿ ನಾನೇ. ಸೊಟ್ಟಗೆ ಅಂಟಿದ ಸೀಸೆಗಳನ್ನು ಮಾರಲಾಗುವುದಿಲ್ಲ ಅಂತ ನಮಗೆ ಕೊಡುತ್ತಾರೆ, ಅದನ್ನೇ ನಿನಗೆ ಕಳಿಸಿದೆ. ಸುಗಂಧರಾಜ, ದೂರದ ಹೊಗೆ ಅಂತ ಬರೆದೆನಲ್ಲ, ಅದು ಕೂಡ ಮಾರುವ ಸೀಸೆಗಳ ಡಬ್ಬಕ್ಕೆ ಹಾಕುವ ಚೀಟಿಯ ಮೇಲಿದ್ದ ಮಾತೇ. ನನ್ನ ಮೇಲೆ ಯಾವ ವಾಸನೆ ಬರುತ್ತದೆ ಗೊತ್ತಾ? ಅಂಟು. ಎಷ್ಟು ತೊಳೆದರೂ ಬರೀ ಅಂಟಿನ ವಾಸನೆ.

ನೀನು ಊರಿಗೆಲ್ಲ ತಂಗಿ ಸೆಂಟು ಮಾಡುತ್ತಾಳೆ ಅಂತ ಹೇಳಿಕೊಂಡು ಓಡಾಡುತ್ತಿದ್ದೆ. ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಮಾರ್ಚಿನಲ್ಲಿ ನೀನು ಕೇಳಿದಾಗ ಗೊತ್ತಿಲ್ಲ ಅಂತ ಬರೆಯಬಹುದಿತ್ತು. ಬೆರೆಸುವ ತಾತನನ್ನು ಕೇಳಿ ಬರೆಯಬಹುದಿತ್ತು, ಎರಡು ಕೋಣೆ ಆಚೆ ಕೂರುತ್ತಾರೆ. ಆದರೆ ನೀನು "ನೀನು ಈ ಕಸುಬಿನವಳು" ಅಂತ ಬರೆದಿದ್ದೆ. ಅದನ್ನು ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಖುಷಿಯಲ್ಲಿ ಒಬ್ಬಳ ಅನ್ನ ಕಿತ್ತುಬಿಟ್ಟೆ.

ಏಪ್ರಿಲ್‌ನಲ್ಲಿ ತಾತ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ರಾಳ ಹಾರುವುದಿಲ್ಲ, ನಿಜ. ಆದರೆ ಸೀಸೆಯಲ್ಲಿ ರಾಳಕ್ಕಿಂತ ಸ್ಪಿರಿಟ್ಟೇ ಜಾಸ್ತಿ. ಬಿಸಿ ತಗುಲಿದರೆ ಬಿರಡೆಯ ಸಂದಿನಿಂದ ಸ್ಪಿರಿಟ್ ಹಾರುತ್ತದೆ, ರಾಳ ಕಪ್ಪಗೆ ತಳದಲ್ಲಿ ಉಳಿಯುತ್ತದೆ. ಉಣ್ಣೆಗೆ ಹತ್ತಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ, ಮುಟ್ಟಿದವರಿಗೆಲ್ಲ ಅಂಟುತ್ತದೆ. ನಿನ್ನ ಸೀಸೆ ಇಸ್ತ್ರಿ ಮೇಜಿನ ಮೇಲಿದೆ ಅಂತ ನೀನು ಜನವರಿಯಲ್ಲೇ ಬರೆದಿದ್ದೆ. ತಾತನ ಮಾತು ಕೇಳಿದ ಕೂಡಲೇ ಅದು ನೆನಪಾಯಿತು. ಆದರೂ ನಿನಗೆ ಬರೆದದ್ದು ಸುಮ್ಮನೆ ಕೇಳಿದೆ ಅಂತ. ಸುಮ್ಮನೆ ಕೇಳಿರಲಿಲ್ಲ ಅಕ್ಕಾ.

ನಿನ್ನ ಈ ಪತ್ರ ಬಂದ ಮೇಲೆ ತಾತನ ಮುಂದೆ ಹೋಗಿ ಎಲ್ಲ ಹೇಳಿದೆ. ಬಯ್ಯಲಿಲ್ಲ. "ಗೊತ್ತಿಲ್ಲ ಅನ್ನೋದು ಅಷ್ಟು ಕಷ್ಟ ಆಯ್ತಾ ಮಗಾ?" ಅಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವಳ ಹತ್ತಿರ ನನ್ನ ಹೆಸರು ಹೇಳು. ನನ್ನ ತಂಗಿಯ ಮಾತು ಕೇಳಿ ಹೀಗೆ ಮಾಡಿದೆ ಅನ್ನು. ನನಗೆ ಏನು ಬೇಕಾದರೂ ಬರೆ, ಆದರೆ ಬರೆ.

ಪುಟ್ಟಿ


ಜೂನ್ ೧೨

ಅಕ್ಕಾ,

ಪತ್ರ ತಲುಪಿತಾ? ಒಂದು ಸಾಲು ಸಾಕು. ಬೈದರೂ ಸರಿ.

ಪುಟ್ಟಿ


ಜುಲೈ ೨

ಪುಟ್ಟೀ,

ಎರಡೂ ಪತ್ರ ತಲುಪಿದವು. ಕೋಪವಿಲ್ಲ ಅಂದರೆ ಸುಳ್ಳಾಗುತ್ತದೆ, ನಮ್ಮಿಬ್ಬರ ನಡುವೆ ಇನ್ನು ಸುಳ್ಳು ಸಾಕು. ಲೇಬಲ್ ಅಂಟಿಸುವವಳು ಅಂದಿದ್ದರೆ ನನಗೇನು ಕಡಿಮೆಯಾಗುತ್ತಿತ್ತು? ನಾನೂ ಸೂಜಿ ಹಿಡಿದು ಬದುಕಿದವಳೇ ತಾನೇ.

ಆದರೆ ನಿನ್ನ ಹೆಸರು ನಾನು ಅವಳ ಹತ್ತಿರ ಹೇಳಲಿಲ್ಲ. ನಿನ್ನನ್ನು ಉಳಿಸಲು ಅಲ್ಲ. ಕೇಳು, ಇದನ್ನು ಬರೆಯುವಾಗ ನನ್ನ ಮುಖ ಬಿಸಿಯಾಗುತ್ತಿದೆ. ನೀನು ಗೊತ್ತಿಲ್ಲ ಅಂತ ಬರೆದಿದ್ದರೂ ನಾನು ಅವಳ ಕೈ ಹಿಡಿಯುತ್ತಿದ್ದೆನೋ ಏನೋ. ನನಗೆ ಸಿಟ್ಟು ಬಂದದ್ದು ಕಳ್ಳತನಕ್ಕಲ್ಲ ಪುಟ್ಟಿ. ನನ್ನ ತಂಗಿ ಬೆರೆಸಿದ ಸೆಂಟು, ನನ್ನ ಮೇಲೆ ಔಷಧಿ ಅಂಗಡಿಯಾಗಿ ನಾತ ಹೊಡೆದದ್ದು, ಕಾಜಾ ಹೊಲಿಯುವವಳ ಮೇಲೆ ಹೂವಾಗಿ ಬಂತಲ್ಲ, ಅದಕ್ಕೆ. ಅವಳ ಮೈಗೆ ಅದು ಒಗ್ಗಿತ್ತು. ಅದು ಅವಳದಲ್ಲ ಅಂತ ಎಲ್ಲರ ಬಾಯಲ್ಲಿ ಹೇಳಿಸಬೇಕಿತ್ತು ನನಗೆ. ಇಷ್ಟು ವಯಸ್ಸಾದ ಮೇಲೆ ಇಂಥ ಸಣ್ಣತನ.

ಅವಳ ಮನೆಗೆ ಹೋದೆ. ಒಂದೇ ಕೋಣೆ, ಕಿಟಕಿಯ ಹತ್ತಿರ ಕೂತು ಯಾರದೋ ಅಂಗಡಿಯ ಶರ್ಟುಗಳಿಗೆ ಗುಂಡಿ ಹಾಕುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ಎದ್ದು ನಿಂತಳು, "ಬನ್ನಿ ಅಕ್ಕಾ" ಅಂದಳು. ಆ ಮರ್ಯಾದೆ ತಡೆಯುವುದೇ ಕಷ್ಟವಾಯಿತು. ಹಗ್ಗದ ಮೇಲೆ ಅವಳ ಎರಡು ಬಟ್ಟೆ ಒಣಗುತ್ತಿದ್ದವು, ಬಣ್ಣವೆಲ್ಲ ಹೋಗಿತ್ತು. ಕುದಿಯುವ ನೀರಿನಲ್ಲಿ ಹಾಕಿದ್ದಳಂತೆ. "ಹೊಸ ಕೆಲಸದಲ್ಲಿ ಯಾರಾದ್ರೂ ಮೂಸಿದ್ರೆ ಅಂತ ಭಯ ಅಕ್ಕಾ."

ತಪ್ಪಾಯಿತು ಅಂದೆ. ಕೋಟಿನ ವಿಷಯ ಅವತ್ತೇ ಯಾಕೆ ಹೇಳಲಿಲ್ಲ ಅಂತಲೂ ಕೇಳಿದೆ. "ಅಷ್ಟು ಜನ ಮೂಸಿದ ಮೇಲೆ ನಿಮಗೋಸ್ಕರ ಹೊಲೀತಿದ್ದೆ ಅಂದ್ರೆ, ತಪ್ಪಿಸ್ಕೊಳ್ಳೋಕೆ ಹೇಳ್ದಂಗೆ ಆಗ್ತಿತ್ತು" ಅಂದಳು. ಯಾಕೆ ಹೊಲಿದೆ ಅಂದರೆ, "ಹರಿದಿತ್ತಲ್ಲಾ" ಅಂದಳು. ಅಷ್ಟೇ.

ನಾನೆಂಥ ಬುದ್ಧಿಗೇಡಿ ನೋಡು, ಉಳಿದ ಕರಿಹೂವನ್ನು ಸೀಸೆ ಸಮೇತ ಅವಳಿಗೆ ಕೊಡೋಣ ಅಂತ ಒಯ್ದಿದ್ದೆ. ಚೀಲದಿಂದ ತೆಗೆದದ್ದೇ ತಡ, ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಸೀಸೆ ಚೀಲದೊಳಗೆ ಹೋಗುವವರೆಗೂ ಕೈ ಹೊರಗೆ ತೆಗೆಯಲಿಲ್ಲ. ಮತ್ತೆ ಕೆಲಸಕ್ಕೆ ಬಾ ಅಂದೆ. "ನೋಡ್ತೀನಿ" ಅಂದಳು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಮಾಧಾನವಾದ ಮೇಲೆ ಬಂದೀತೇ ಅಂತ ಅಮ್ಮ ಹೇಳುತ್ತಿದ್ದಳು, ನೆನಪಿದೆಯಾ? ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ.

ನಿನ್ನೆ ಬಂದಳು. ಕೆಲಸಕ್ಕಲ್ಲ. "ಅರ್ಧಕ್ಕೆ ಬಿಟ್ಟಿದ್ನಲ್ಲಾ, ಮುಗಿಸಿ ಹೋಗ್ತೀನಿ" ಅಂದಳು. ತನ್ನ ಹಳೆಯ ಜಾಗದಲ್ಲೇ ಕೂತಳು. ಚೀಲದಿಂದ ಒಂದು ಹಳೆಯ ಚಾದರ ತೆಗೆದು ತೊಡೆಯ ಮೇಲೆ ಹಾಸಿಕೊಂಡು, ಬಟ್ಟೆಯ ತೋಳನ್ನು ಮೊಣಕೈವರೆಗೆ ಮಡಚಿ, ಆಮೇಲೆ ನನ್ನ ಕೋಟನ್ನು ಅದರ ಮೇಲೆ ಇಟ್ಟುಕೊಂಡಳು. ಕೋಟು ಎಲ್ಲಿಯೂ ಅವಳ ಬಟ್ಟೆಗೆ ತಾಗದ ಹಾಗೆ. ಮಿಷನ್ನುಗಳೆಲ್ಲ ನಿಂತವು. ನಾನು ಎದ್ದು, ಎಲ್ಲಿ ನಿಂತು ಅವಳ ಕೈ ಹಿಡಿದಿದ್ದೆನೋ ಅಲ್ಲೇ ನಿಂತು ಹೇಳಿದೆ. "ಇವಳು ಏನನ್ನೂ ಕದ್ದಿಲ್ಲ. ನನ್ನ ಕೋಟಿನ ವಾಸನೆ ಇವಳಿಗೆ ಹತ್ತಿತ್ತು. ನಾನು ಹೊಟ್ಟೆಕಿಚ್ಚಿಗೆ ಕಳ್ಳಿ ಅಂದೆ." ಇಸ್ತ್ರಿ ಮಾವ ನೆಲ ನೋಡುತ್ತ ನಿಂತ. ಕತ್ತರಿಯ ಕಣ್ಣಲ್ಲಿ ನೀರು. ಅವಳು ಮಾತ್ರ ತಲೆ ಎತ್ತಲಿಲ್ಲ, ಹೊಲಿಯುತ್ತಲೇ ಇದ್ದಳು.

ಮುಗಿದ ಮೇಲೆ ಕೋಟನ್ನು ಮೇಜಿನ ಮೇಲೆ ಇಟ್ಟು, ಚಾದರವನ್ನು ಒಳಮುಖ ಮಾಡಿ ಮಡಚಿಕೊಂಡಳು. ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಮೊಣಕೈವರೆಗೂ ತಿಕ್ಕಿ ತಿಕ್ಕಿ ತೊಳೆದಳು. ಹೊರಡುತ್ತಾಳೆ ಅಂದುಕೊಂಡೆ. ನೇರ ನನ್ನ ಮುಂದೆ ಬಂದು ಒದ್ದೆ ಕೈಗಳನ್ನು ಚಾಚಿದಳು.

"ಮೂಸಿ ಅಕ್ಕಾ" ಅಂದಳು. "ನಿಮ್ಮದೇನೂ ನನ್ನ ಹತ್ತಿರ ಉಳಿದಿಲ್ಲ ಅಂತ ನೋಡ್ಬಿಡಿ. ಆಮೇಲೆ ಹೋಗ್ತೀನಿ."

ಬೇಡ ಕಣೇ ಅಂದೆ. ಕೈ ಇಳಿಸಲಿಲ್ಲ. ಎಲ್ಲರೂ ನೋಡುತ್ತಿದ್ದರು. ಕೊನೆಗೆ ತಲೆ ಬಗ್ಗಿಸಿ ಮೂಸಿದೆ. ಸೋಪಿನ ವಾಸನೆ ಬಿಟ್ಟು ಬೇರೆ ಏನೂ ಇರಲಿಲ್ಲ.

ಅಕ್ಕ